ತಪಾಸಣೆಗೆಂದು ಬೆಳಗಿದ ಹಲ್ಲು

ನಮ್ಮೂರಿಗೆ ಯಾವ ಸಾಹೇಬರು ಬರುತ್ತಾರೆಂದರೂ ಮೊದಲು ಸುಣ್ಣ ಹಚ್ಚುವ ಚಟ. ಶಾಲೆಗೆ ಬಂದರೆ ಶಾಲೆಗೆ, ಪಂಚಾಯಿತಿಗೆ ಬಂದರೆ ಪಂಚಾಯಿತಿಗೆ. ಒಮ್ಮೆ ದನದ ಡಾಕ್ಟರು ಬರುತ್ತಾರೆಂದು ಕಾಯಿಲೆ ಬಿದ್ದ ಎಮ್ಮೆಗೂ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ ಜನ ಇವರು. ಹಾಗಾಗಿ 2002ರಲ್ಲಿ ಹಲ್ಲು ನೋಡುವ ಡಾಕ್ಟರು ಬರುತ್ತಾರೆಂದು ಕಾಗದ ಬಂದಾಗ ಏನಾಗುತ್ತದೆಂದು ನಾನು ಮೊದಲೇ ಊಹಿಸಬೇಕಿತ್ತು.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ, ರಸ್ತೆಯಿಂದ ಎರಡು ಮೈಲಿ ಒಳಗೆ ನಮ್ಮೂರು. ಕುಡಿಯುವುದೆಲ್ಲ ಬೋರಿನ ನೀರು. ಆ ನೀರು ಕುಡಿದು ಬೆಳೆದವರ ಹಲ್ಲೆಲ್ಲ ಕಂದು ಕಂದು, ನಡುನಡುವೆ ಬಿಳಿ ಚುಕ್ಕಿ. ನಾನು ಹಡಗಲಿ ಕಡೆಯ ಹೊಳೆದಂಡೆಯಿಂದ ಬಂದ ಸೊಸೆ. ಮದುವೆಯಾದ ಹೊಸದರಲ್ಲಿ ಹೆಂಗಸರು ನನ್ನ ಸೀರೆ, ಬಂಗಾರ ಬಿಟ್ಟು ಬಾಯಿಯನ್ನೇ ನೋಡುತ್ತಿದ್ದರು. ನಮ್ಮ ಅತ್ತೆ ಪಕ್ಕೀರಮ್ಮ ಪಂಚಾಯಿತಿ ಮೆಂಬರು. ಸಭೆಯಲ್ಲಿ ಊರ ಗಂಡಸರ ನೀರಿಳಿಸುವ ಹೆಂಗಸು, ಹೊರಗಿನವರು ಎದುರಾದರೆ ಮಾತ್ರ ಸೆರಗು ಬಾಯಿಗೆ ಹೋಗಿಬಿಡುತ್ತಿತ್ತು.

ಹೊಳೆ ನೀರಿನ ಪೈಪು ಕೆಲವು ಊರುಗಳಿಗೆ ಬರುತ್ತದೆ, ಹಲ್ಲಿನ ತಪಾಸಣೆ ಆದಮೇಲೆ ಯಾವ ಊರಿಗೆಂದು ತೀರ್ಮಾನ ಎಂಬ ಸುದ್ದಿ ಹಬ್ಬಿತ್ತು. ಊರು ಇದನ್ನು ಪರೀಕ್ಷೆ ಎಂದುಕೊಂಡಿತು. ಹಲ್ಲು ಪಾಸಾದರೆ ನೀರು, ಫೇಲಾದರೆ ಇಲ್ಲ! ಸುಳ್ಳೇಕೆ ಹೇಳಲಿ, ನನ್ನ ಬುದ್ಧಿಯೂ ಅದಕ್ಕಿಂತ ಮುಂದೆ ಓಡಲಿಲ್ಲ. ನನ್ನ ಮಗಳು ದುರ್ಗಾದೇವಿಗೆ ಆಗ ಹತ್ತು ತಿಂಗಳು. ಅವಳ ಬಾಯಿಗೆ ಬೋರಿನ ನೀರಿನ ಚಮಚ ಹಿಡಿದಾಗಲೆಲ್ಲ ನನ್ನ ಕಣ್ಣು ಅತ್ತೆಯ ಹಲ್ಲಿನ ಕಡೆ ಹೋಗುತ್ತಿತ್ತು.

ಅದೇ ವಾರ ಅತ್ತೆಯ ಅಣ್ಣನ ಮಗ ಮೈಲಾರೇಶ್ ದುಬೈನಿಂದ ರಜೆಗೆ ಬಂದಿದ್ದ. ಅತ್ತೆಗೊಂದು ಡಬ್ಬಿ ತಂದುಕೊಟ್ಟ. ಮೇಲೆ ಮೂವತ್ತೆರಡೂ ಹಲ್ಲು ತೋರಿಸುತ್ತಿರುವ ಒಬ್ಬ ಹೆಂಗಸಿನ ಫೋಟೋ, ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳು. ಒಂದು ಮಗ್ಗುಲಿಗೆ ಲೋಳೆಯಂಥ ಔಷಧಿ.

"ಹಲ್ಲಿಗೆ ಅಂಟಿಸಿಕೊಂಡ್ರಾತು ಅತ್ತಿ. ಹಾಲಿನಂಗ ಆಗತಾವ" ಅಂದ ಮೈಲಾರೇಶ್.

ಪಿಯುಸಿ ಓದಿದ ಸೊಸೆ ಎಂದು ಡಬ್ಬಿ ನನ್ನ ಕೈಗೆ ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಒಂದು ಸಲಕ್ಕೆ ಅರ್ಧ ತಾಸು, ದಿನಕ್ಕೆ ಎರಡು ಸಲ, ಹದಿನಾಲ್ಕು ದಿನ. ತಪಾಸಣೆಗೆ ಉಳಿದಿದ್ದು ನಾಲ್ಕೇ ದಿನ.

"ಹದಿನಾಕು ದಿನದ್ದು ನಾಕು ದಿನದಾಗ ಮುಗಸ್ತೀನಿ. ಗೊಬ್ಬರ ಜಾಸ್ತಿ ಹಾಕಿದ್ರ ಬೆಳಿ ಜಾಸ್ತಿ ಬರಂಗಿಲ್ಲೇನು?" ಅಂದರು ಅತ್ತೆ.

"ಜಾಸ್ತಿ ಹಾಕಿದ್ರ ಬೆಳಿ ಸುಟ್ಟು ಹೋಗತೈತ್ರಿ ಅತ್ತಿ" ಅಂದೆ. ನನ್ನ ಮಾತು ಯಾರು ಕೇಳಬೇಕು!

ರೊಟ್ಟಿ ಬಡಿಯುವಾಗ ಒಂದು ಪಟ್ಟಿ, ಕಳೆ ತೆಗೆಯುವಾಗ ಒಂದು. ಮೂರನೇ ದಿನಕ್ಕೆ ಒಸಡು ಬೆಳ್ಳಗೆ ಸುಟ್ಟಂತಾಯಿತು. ಬಿಸಿ ಚಹಾ ತಾಗಿದರೂ ತಣ್ಣೀರು ತಾಗಿದರೂ ಜುಮ್ಮೆಂದು ನೆತ್ತಿಗೇರುತ್ತಿತ್ತು. ಹಲ್ಲು ಬೆಳ್ಳಗಾಗಲಿಲ್ಲ. ಕಂದು ಬಣ್ಣ ಇದ್ದಲ್ಲೇ ಇತ್ತು, ನಡುವಿನ ಬಿಳಿ ಚುಕ್ಕಿಗಳು ಮಾತ್ರ ಸೀಮೆಸುಣ್ಣದ ಹಾಗೆ ಎದ್ದು ಕಾಣತೊಡಗಿದವು. ಅತ್ತೆ ಕನ್ನಡಿಯನ್ನು ಬೋರಲು ಹಾಕಿದರು.

"ಈ ವಯಸ್ಸಿನಾಗ ನಿಮಗ್ಯಾಕ ಬೇಕಿತ್ರಿ ಈ ಚಂದ?" ನಾನು ರೇಗಿದೆ.

"ಚಂದಕ್ಕ ಹಚ್ಚಿಕೊಂಡೆ ಅನಕೊಂಡಿಯೇನಲೇ? ಡಾಕ್ಟರ ಮುಂದ ಮೆಂಬರ್ ಅಂತ ನಾನ ನಿಂದರಬೇಕು. ನನ್ನ ಬಾಯಿ ನೋಡಿ ಊರಿಗೂರೇ ಫೇಲ್ ಮಾಡಿಬಿಟ್ರ ಈ ಕೂಸಿಗೆ ಏನು ಕುಡಸ್ಲಿ?"

ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಬೆಚ್ಚಗಿನ ಉಪ್ಪುನೀರು ಮಾಡಿಕೊಟ್ಟೆ.

ಅತ್ತ ಶಾಲೆಯಲ್ಲಿ ಹೆಡ್ಮಾಸ್ಟರ್ ಪಾಲಾಕ್ಷಪ್ಪನವರದು ಇನ್ನೊಂದು ತಯಾರಿ. ಮಕ್ಕಳ ಕೈಗೆ ಇಟ್ಟಂಗಿ ಪುಡಿ ಕೊಟ್ಟು ನಾಲ್ಕು ದಿನ ಹಲ್ಲು ತಿಕ್ಕಿಸಿದರು. ಅದರಿಂದಲೂ ಏನೂ ಆಗದಿದ್ದಾಗ ಅವರಿಗೊಂದು ಉಪಾಯ ಹೊಳೆಯಿತು. ಗುರುವಾರ ಡಾಕ್ಟರು ಬಂದಾಗ ಬೆಂಚಿನ ಮೇಲೆ ಕೂತಿದ್ದವರು ಹನ್ನೆರಡೇ ಮಕ್ಕಳು: ಬೇರೆ ಊರಿಂದ ವರ್ಗವಾಗಿ ಬಂದ ಹೆಡ್ಮಾಸ್ಟರದೇ ಇಬ್ಬರು, ಹಾಗೇ ಬಂದ ಲೈನ್‌ಮನ್ನನ ಮೂವರು, ಊರಿಗೆ ಬಂದಿದ್ದ ನೆಂಟರ ಮಕ್ಕಳು. ಬೋರಿನ ನೀರು ಕುಡಿದು ಬೆಳೆದ ಊರ ಮಕ್ಕಳಿಗೆಲ್ಲ ರಜೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹನ್ನೆರಡೂ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ ಸಂತೋಷದಿಂದ ಎದ್ದರು. "ಒಳ್ಳೇದಾಯ್ತು ಮೇಷ್ಟ್ರೇ, ನಿಮ್ಮೂರ ನೀರು ಚೆನ್ನಾಗಿದೆ. ಹಾಳು ನೀರಿಗೆ ಮಕ್ಕಳ ಹಲ್ಲು ಕೆಟ್ಟಿರುವ ಊರಿಗೇ ಮೊದಲು ಪೈಪ್ ಹೋಗಬೇಕು" ಎಂದು ಫೈಲು ಕಟ್ಟತೊಡಗಿದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ನಾನು, "ಇಲ್ರೀ ಮೇಡಂ, ಇಲ್ಲಿ ಎಲ್ಲಾರ ಹಲ್ಲೂ ಕೆಟ್ಟಾವ್ರಿ" ಎಂದು ಕೂಗಿದೆ. ಅವರು ನನ್ನ ಬಾಯಿ ನೋಡಿ ನಕ್ಕರು. "ನಿಮ್ಮವು ಚೆನ್ನಾಗೇ ಇವೆಯಲ್ಲಮ್ಮ" ಅಂದರು. ನನ್ನ ಹಲ್ಲಿನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆಗ ಅತ್ತೆ ನಡೆದು ಹೋಗಿ ಡಾಕ್ಟರ ಮುಂದಿನ ಬೆಂಚಿನ ಮೇಲೆ ಕೂತರು. ಸೆರಗು ಇಳಿಸಿದರು. ಅಷ್ಟು ಜನರೆದುರು, ಇಷ್ಟಗಲ ಬಾಯಿ ತೆರೆದರು.

"ನೋಡ್ರಿ ಡಾಕ್ಟರಮ್ಮ. ಇದು ನಮ್ಮೂರು."

ಡಾಕ್ಟರು ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. "ಒಸಡಿಗೇನಾಯ್ತು?" ಅಂದರು. ನಾನು ಪಟ್ಟಿಯ ಕಥೆ ಹೇಳಿದೆ.

"ಅಮ್ಮಾ, ಈ ಕಲೆ ಹಲ್ಲಿನ ಮೇಲಿನದಲ್ಲ. ಚಿಕ್ಕಂದಿನಲ್ಲಿ ಹಲ್ಲು ಬೆಳೆಯುವಾಗಲೇ ನೀರಿನ ಫ್ಲೋರೈಡಿನಿಂದ ಒಳಗೆ ಸೇರಿದ್ದು. ಆ ಪಟ್ಟಿ ಚಹಾದ ಕಲೆ, ಎಲೆಅಡಿಕೆ ಕಲೆಗೆ ಒಂದಿಷ್ಟು ಕೆಲಸ ಮಾಡುತ್ತದೆ, ಅದೂ ಹೇಳಿದಷ್ಟೇ ಹೊತ್ತು ಇಟ್ಟುಕೊಂಡರೆ. ನಿಮ್ಮ ಕಲೆ ಅದಕ್ಕೆ ಹೋಗೋದಿಲ್ಲ. ಇನ್ನು ಹಚ್ಚಬೇಡಿ, ಉರಿ ತಾನೇ ಇಳಿಯುತ್ತದೆ. ಇಟ್ಟಂಗಿ ಪುಡಿಯಂತೂ ಹಲ್ಲನ್ನೇ ಸವೆಸುತ್ತದೆ."

"ಹೋಗದಿದ್ದದ್ದ ಚಲೋ ಆತ್ರಿ. ಹೋಗಿದ್ರ ನಿಮಗ ಏನು ತೋರಸ್ತಿದ್ದೆ?" ಅಂದರು ಅತ್ತೆ.

ಒಂದು ಬಾಯಿ ಸಾಲದು, ಮಕ್ಕಳು ಬೇಕು ಎಂದರು ಡಾಕ್ಟರು. ಅತ್ತೆ ಬಾಗಿಲಿಗೆ ಬಂದು ಕೂಗಿದ ಕೂಗಿಗೆ ಓಣಿ ಓಣಿಯಿಂದ ಮಕ್ಕಳು ಓಡಿಬಂದವು. ಎಪ್ಪತ್ತೊಂದು ಬಾಯಿ ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೋಗುವ ಮುನ್ನ ಡಾಕ್ಟರು ನನ್ನ ಮಗಳ ಗಲ್ಲ ಹಿಡಿದು, "ಹಾಲುಹಲ್ಲು ಬಿದ್ದಮೇಲೆ ಬರುವ ಹಲ್ಲು ಈಗಲೇ ಒಳಗೆ ತಯಾರಾಗುತ್ತಿವೆ. ಪೈಪ್ ಬರುವವರೆಗೆ ಕಾಯಬೇಡಿ, ಇವತ್ತಿನಿಂದಲೇ ನೀರು ಬದಲಿಸಿ" ಅಂದರು.

ಮರುದಿನದಿಂದ ನಮ್ಮಣ್ಣ ಹಡಗಲಿಯಲ್ಲಿ ಬಸ್ಸಿಗೆ ಒಂದು ಕ್ಯಾನು ಹೊಳೆ ನೀರು ಹಾಕತೊಡಗಿದ. ರಸ್ತೆಯ ಕ್ರಾಸಿನಲ್ಲಿ ಇಳಿಸಿಕೊಂಡು ಅತ್ತೆಯೇ ಹೊತ್ತು ತರುತ್ತಿದ್ದರು. ಎರಡು ವರ್ಷವಾದ ಮೇಲೆ ಪೈಪು ಬಂತು.

ಮೊನ್ನೆ ಮಗಳು ಶಾಲೆಯಿಂದ ಅಳುತ್ತಾ ಬಂದಳು. ಅವಳಿಗೀಗ ಏಳು ವರ್ಷ, ಮುಂದಿನ ಎರಡು ಹೊಸ ಹಲ್ಲು ಪೂರ್ತಿ ಬಂದಿವೆ.

"ಅಜ್ಜಿ, ನನ್ನ ಹಲ್ಲಿಗೆ ಯಾವಾಗ ಬಣ್ಣ ಬರತೈತಿ? ನಿಂದು ಬಂದೈತಿ, ಅಪ್ಪಂದು ಬಂದೈತಿ, ದೊಡ್ಡ ಹುಡುಗ್ರದ್ದು ಎಲ್ಲಾರ್ದೂ ಬಂದೈತಿ!"

ಅತ್ತೆ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಬೆರಳಿನಿಂದ ತುಟಿ ಎತ್ತಿ ನೋಡಿದರು. ಒಂದು ಹಲ್ಲಿನ ಮೇಲೆ ನೂಲೆಳೆಯಷ್ಟು ಬಿಳಿ ಗೆರೆ ಇತ್ತು, ಅಷ್ಟೇ.

"ನಿನಗ ಬರಂಗಿಲ್ಲವ್ವ" ಅಂದರು.

"ಯಾವತ್ತೂ?"

"ಯಾವತ್ತೂ ಬರಂಗಿಲ್ಲ."

ಮಗಳು ಅನ್ಯಾಯವಾಯಿತೆಂದು ಇನ್ನಷ್ಟು ಜೋರಾಗಿ ಅತ್ತಳು. ಅತ್ತೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡರು, ತಾವೂ ಅತ್ತರು.