ವಸಡಿನೊಳಗಿನ ದಾರ

ಬೂಕನಕೆರೆಯಲ್ಲಿ ಬೆಟ್ಟಮ್ಮನನ್ನು ಎಲೆ ಅಡಿಕೆ ಇಲ್ಲದೆ ಕಂಡವರಿಲ್ಲ. ಹಾಲು ಕರೆಯುವಾಗಲೂ ಬಾಯಾಡುತ್ತಲೇ ಇರಬೇಕು. ಅಂಥವಳು ಆ ಸೋಮವಾರ ಕೆ.ಆರ್. ಪೇಟೆಯಿಂದ ಬಂದು ಬಸ್ಸಿಳಿದವಳೇ ಎಲೆಚೀಲವನ್ನು ಗೂಟಕ್ಕೆ ನೇತುಹಾಕಿಬಿಟ್ಟಳು.

ಪೇಟೆಯ ಹಲ್ಲಿನ ಡಾಕ್ಟರಮ್ಮ ವಸಡಿನೊಳಗಿನ ಕೀವು, ಕಿಟ್ಟವನ್ನೆಲ್ಲ ಬೇರಿನ ತನಕ ಕೆರೆದು ತೆಗೆದಿದ್ದರು. ಎರಡೂ ಕಡೆಯ ದವಡೆ ಹಲ್ಲುಗಳ ಬುಡದಲ್ಲಿ ಮಾತ್ರ ವಸಡು ಬಹಳ ಆಳಕ್ಕೆ ಬಿಟ್ಟುಕೊಂಡಿತ್ತು. ಬರೀ ಕೆರೆದರೆ ಸಾಲದೆಂದು ಅಲ್ಲಿಗೆ ಔಷಧಿ ತುಂಬಿದ ದಾರವನ್ನು ಸುತ್ತಿ ವಸಡಿನೊಳಕ್ಕೆ ತುರುಕಿದ್ದರು.

“ಹೊಸ ಔಷಧಿ, ಮೈಸೂರಿಂದ ತರಿಸಿದ್ದು. ಹತ್ತು ದಿನ ಈ ದಾರ ಅಲುಗಬಾರದು. ಅಡಿಕೆಯಂತೂ ಮುಟ್ಟಲೇಬೇಡಿ. ಕಿತ್ತು ಬಂದರೆ ಹಲ್ಲು ಉಳಿಯೋದು ಕಷ್ಟ,” ಎಂದಿದ್ದರು.

ಹಲ್ಲಿನ ಆಸೆ ಯಾರಿಗಿಲ್ಲ? ಬೆಟ್ಟಮ್ಮನಿಗೆ ಇನ್ನೂ ನಲವತ್ತು ದಾಟಿಲ್ಲ. ಬೊಚ್ಚುಬಾಯಿ ಮಾಡಿಕೊಂಡು ಮಗಳ ಧಾರೆಗೆ ನಿಲ್ಲುವುದೇ? ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಮಗಳು ಪ್ರಮೀಳಾಳನ್ನು ನೋಡಿಹೋಗಿದ್ದ ತೊಣ್ಣೂರಿನವರು, ಹಿಂದೊಂದು ಹೆಣ್ಣನ್ನು ಅವಳ ತಾಯಿಗೆ ಉಬ್ಬಸವಿದೆ ಎಂದು ಬೇಡವೆಂದವರು. ಇನ್ನು ವಸಡಿನಲ್ಲಿ ಕೀವು ಎಂದರೆ ಸುಮ್ಮನಿರುತ್ತಾರೆಯೇ? ಅದಕ್ಕೇ, ನೆರೆಮನೆಯ ಚಿಕ್ಕಬೋರಮ್ಮ ಎಲೆ ಚಾಚಿದಾಗ ಬೆಟ್ಟಮ್ಮ ಒಂದು ಸುಳ್ಳು ಬಿಸಾಕಿದಳು.

“ಬ್ಯಾಡ ಕಣಕ್ಕ. ಮಗ್ಳ ಮದ್ವೆ ಗೊತ್ತಾಗೋಗಂಟ ಎಲೆ ಅಡ್ಕೆ ಮುಟ್ಟಲ್ಲ ಅಂತ ಮಾರಮ್ಮುಂಗೆ ಅರ್ಕೆ ಒತ್ಕಂಡಿವ್ನಿ.”

ಮದುವೆ ಮಾತು ತಿಂಗಳುಗಟ್ಟಲೆ ಎಳೆಯುತ್ತದೆಂದು ಅವಳ ಲೆಕ್ಕ. ಗಂಡ ಮಂಚಯ್ಯನಿಗೂ ನಿಜ ಹೇಳಲಿಲ್ಲ. ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಗುರುವಾರವೇ ತೊಣ್ಣೂರಿನವರು ಹೇಳದೆ ಕೇಳದೆ ಬಂದಿಳಿದರು. ಹುಡುಗನ ತಾಯಿ ಹೊನ್ನಮ್ಮ ಸುತ್ತಿಬಳಸಲಿಲ್ಲ. “ನಮ್ಗೆ ಒಪ್ಗೆ. ಶ್ರಾವಣದಾಗೆ ಮಾಡ್ಬುಡನ,” ಎಂದಳು. ಮಂಚಯ್ಯ ಉಬ್ಬಿಹೋದ. ಎಲೆ ಅಡಿಕೆ ತಟ್ಟೆ ಬದಲಾಯಿತು. ಬೆಟ್ಟಮ್ಮನ ಎದೆಯೂ ಹಿಗ್ಗಿತು, ಬೀಗರನ್ನು ನೋಡಲು ಬಂದು ಕೂತಿದ್ದ ಚಿಕ್ಕಬೋರಮ್ಮ ಬಾಯಿ ತೆಗೆಯುವ ತನಕ.

“ನಮ್ ಬೆಟ್ಟವ್ವನ ಅರ್ಕೆ ಫಲಿಸ್ತು ಕಣ್ರವ್ವ! ಮದ್ವೆ ಗೊತ್ತಾಗೋಗಂಟ ಎಲೇನೇ ಮುಟ್ಟಲ್ಲ ಅಂದಿದ್ಲು!”

ಹೊನ್ನಮ್ಮನ ಕಣ್ಣು ತುಂಬಿತು. ತಾನೇ ಎಲೆಗೆ ಸುಣ್ಣ ಹಚ್ಚಿ, ಗಟ್ಟಿ ಗೋಟಡಿಕೆಯ ಚೂರಿಟ್ಟು ಮಡಿಸಿದಳು. “ನಿಮ್ ಅರ್ಕೆ ನನ್ ಕೈಯಾರೆ ಬುಡಿಸ್ಬೇಕು ಬೀಗ್ತೀರೆ. ಆ ಅನ್ನಿ.”

“ಆಮ್ಯಾಕೆ ಆಕ್ಕತೀನಿ…”

“ದ್ಯಾವ್ರ ಅರ್ಕೆಗೆ ಆಮ್ಯಾಕೆ ಅಂತಾರೇನಮ್ಮಿ? ಬೀಗ್ತಿ ಕೊಟ್ಟ ಎಲೆ ಬ್ಯಾಡ ಅಂದ್ರೆ ಸಂಬಂಧಾನೇ ಬ್ಯಾಡ ಅಂದಂಗೆ!” ಮಂಚಯ್ಯ ಗದರಿದ.

ಬೆಟ್ಟಮ್ಮ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಳು. ನಿಜ ಹೇಳಿದರೆ ದೇವರ ಹೆಸರಲ್ಲಿ ಸುಳ್ಳಾಡಿದವಳು, ಅದರ ಮೇಲೆ ಬಾಯಿರೋಗದವಳು. ಬಾಗಿಲ ಮರೆಯಲ್ಲಿ ಪ್ರಮೀಳಾ ನಗುತ್ತ ನಿಂತಿದ್ದಳು. ಆ ನಗು ನೋಡಿ ಬೆಟ್ಟಮ್ಮ ಬಾಯಿ ತೆಗೆದಳು.

ನಾಲಗೆಯ ಮೇಲೇ ಇಟ್ಟುಕೊಳ್ಳೋಣವೆಂದರೆ ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಎಡಗಡೆ ಅಗಿದಳು. ಏನೋ ಕಿತ್ತುಕೊಂಡಿತು. ದಾರ ಅಡಿಕೆಯೊಡನೆ ಸೇರಿ ನಾಲಗೆಗೆ ಸುತ್ತಿಕೊಂಡಿತು. ಬೀಗರೆದುರು ಉಗಿಯುವುದುಂಟೇ? ನುಂಗಿದಳು. ರಕ್ತ ಉಪ್ಪುಪ್ಪಾಗಿ ಎಲೆಯ ರಸದೊಡನೆ ತುಟಿಗೆ ಬಂತು. ನೋವಿಗಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂದು ಕಣ್ಣೀರಿಳಿಯಿತು.

“ಬಾಯಿ ಎಂಗ್ ಕೆಂಪಾಯ್ತು ನೋಡ್ರವ್ವ! ಪಿರೂತಿ ಇರೋರ್ಗೇ ಅಂಗಾಗೋದು,” ಎನ್ನುತ್ತ ಹೊನ್ನಮ್ಮ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಬಲಗಡೆಯ ದಾರ ಇನ್ನೂ ಜಾಗದಲ್ಲೇ ಇತ್ತು. ಬೆಟ್ಟಮ್ಮ ನಾಲಗೆಯ ತುದಿಯಿಂದ ಅದನ್ನು ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಹೊನ್ನಮ್ಮ ಮತ್ತೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಶುಭಕಾರ್ಯದಾಗೆ ಒಂಟಿ ಎಲೆ ಆಗ್ಬಾರ್ದು ಬೀಗ್ತೀರೆ. ಇನ್ನೊಂದ್ ತಗಳಿ.”