ಮಂಗಟ್ಟೆ ಮರದಾಚೆಗಿನ ಗುಂಡಿ

"ಏಯ್, ಕಿವಿ ಸತ್ತಿದೆಯೇನೇ? ಅಲ್ಲಿ ಅಗೀಬೇಡ ಅಂದ್ನಲ್ಲ!"

ಎತ್ತಿದ ಗುದ್ದಲಿಯನ್ನು ಹಾಗೇ ಹಿಡಿದು ನಿಂತೆ. ರಾಷ್ಟ್ರೀಯ ಉದ್ಯಾನದ ಸಾಹೇಬ ಬೂಟಿಗೆ ಹತ್ತಿದ ಜಿಗಣೆ ಕಿತ್ತು ನನ್ನ ಕಡೆಗೇ ಎಸೆದ.

"ಮೇಲೆ ನೋಡು. ಪೊಟರೆಯೊಳಗೆ ಮಂಗಟ್ಟೆ ಹಕ್ಕಿ ಮೊಟ್ಟೆ ಇಟ್ಕೊಂಡು ಕೂತಿದೆ. ಗಂಡುಹಕ್ಕಿ ಹಣ್ಣು ತಂದು ಉಣಿಸೋದನ್ನ ನೋಡೋಕೇ ಅತಿಥಿಗಳು ಅಷ್ಟು ದೂರದಿಂದ ಬರ್ತಿರೋದು. ನಿನ್ನ ಸದ್ದಿಗೆ ಅದು ಗಾಬರಿಬಿದ್ದು ಹಾರಿಹೋದ್ರೆ ನಿಮ್ಮಪ್ಪ ಬಂದು ಉಣಿಸ್ತಾನಾ?"

ಅಪ್ಪ ಇದ್ದಿದ್ದರೆ ಉಣಿಸುತ್ತಿದ್ದನೋ ಏನೋ, ಪಾಪ.

ಅತಿಥಿಗಳಿಗೆ ಸಂಜೆಯೊಳಗೆ ಕಕ್ಕಸು ಗುಂಡಿ ಬೇಕಿತ್ತು. ಕಾಡಿನ ನಟ್ಟನಡುವೆ ಡೇರೆ ಹಾಕಿ ಮಲಗುವ ದೊಡ್ಡ ಜನ ನಮ್ಮ ಹಾಗೆ ಚೊಂಬು ಹಿಡಿದು ಪೊದೆ ಹುಡುಕುತ್ತಾರೆಯೇ? ಬೆಳಿಗ್ಗೆ ಅಗೆದದ್ದು ಆನೆ ದಾರಿಯಂತೆ, ಮುಚ್ಚಿಸಿದ. ಇಲ್ಲಿ ನೋಡಿದರೆ ಹಕ್ಕಿ. ನನ್ನ ಸೊಂಟ ಬಿದ್ದುಹೋಗಿತ್ತು.

ಸಾಹೇಬ ಮರದಾಚೆ ಹೋಗಿ ಬೂಟುಗಾಲಿನಲ್ಲಿ ನೆಲ ಒದ್ದ. "ಇಲ್ಲಿ ಅಗೀರಿ. ಇಲ್ಲಿ ಯಾರ ಗೂಡೂ ಇಲ್ಲ."

ನನ್ನ ಜೊತೆ ಕೂಲಿಗೆ ಬಂದಿದ್ದ ಅಣ್ಣ ಅಗೆಯತೊಡಗಿದ. ಈ ಕಾಡಿನಿಂದ ನಮ್ಮನ್ನು ಒಕ್ಕಲೆಬ್ಬಿಸಿದಾಗ ಅವನಿಗೆ ಮೀಸೆ ಮೂಡಿರಲಿಲ್ಲ. ಈಗ ತಲೆ ನೆರೆತಿದೆ. ನೌಕರಿ ಕಾಯಂ ಮಾಡಿಸ್ತೀನಿ ಎಂದು ಸಾಹೇಬ ಆಸೆ ತೋರಿಸಿದಂದಿನಿಂದ ಅವನ ಬಾಯಿಗೆ ಬೀಗ ಬಿದ್ದಿದೆ. ನಾನು ಮಣ್ಣು ಎತ್ತಿಹಾಕುತ್ತಿದ್ದೆ. ಗುಂಡಿ ಮೊಣಕಾಲುದ್ದ ಆಗುವಷ್ಟರಲ್ಲಿ ಅವನ ಗುದ್ದಲಿ ಟಣ್ ಎಂದಿತು.

ಅರೆಯುವ ಕಲ್ಲು. ನಡುವೆ ಸವೆದ ತಗ್ಗು, ಒಂದು ಮೂಲೆ ಒಡೆದಿದೆ. ಒಡೆದವಳು ನಾನೇ; ಅದಕ್ಕೆ ತಿಂದ ಏಟು ಇನ್ನೂ ನೆನಪಿದೆ. ಅವ್ವನನ್ನು ಮಣ್ಣು ಮಾಡಿದಾಗ ತಲೆಯ ಬಳಿ ಇಡಲು ಬೇರೇನೂ ಸಿಗದೆ ಅವಳ ಈ ಕಲ್ಲನ್ನೇ ಇಟ್ಟಿದ್ದೆವು. ಆಮೇಲೆ ನಮ್ಮನ್ನು ಲಾರಿಗೆ ತುಂಬಿದರು. ಕಾಡು ಬೆಳೆದು ಗುರುತನ್ನೆಲ್ಲ ನುಂಗಿಬಿಟ್ಟಿತ್ತು.

"ಅಣ್ಣಾ, ಅವ್ವ ಕಣೋ."

"ಸುಮ್ನಿರೇ. ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ. ಅವ್ವನ ಎದೆ ಮೇಲೆ ಅವರು ಹೇಲಬೇಕೇನೋ?"

ಅಣ್ಣ ಮೇಲೆ ಹತ್ತಿ, ಕೈ ಮುಗಿದುಕೊಂಡೇ ಸಾಹೇಬನ ಹತ್ತಿರ ಹೋದ. "ಸಾಹೇಬ್ರೇ, ಇಲ್ಲಿ ನಮ್ಮವ್ವ ಮಲಗಿದಾಳೆ. ಆಚೆ ಅಗೆದುಕೊಡ್ತೀವಿ..."

"ಬೋಳಿಮಗನೇ! ಇವತ್ತು ಅವ್ವ ಅಂತೀರಿ, ನಾಳೆ ಜಾಗಾನೇ ನಮ್ಮದು ಅಂತೀರಿ. ಆ ಕಲ್ಲು ಕಿತ್ತು ಎಸಿ. ಇಲ್ಲಾಂದ್ರೆ ನೌಕರಿ ಮರೆತುಬಿಡು."

ಅಣ್ಣ ವಾಪಸು ಬಂದು ಗುಂಡಿಯ ಅಂಚಿನಲ್ಲಿ ಮಂಡಿಯೂರಿದ. ಕಲ್ಲಿನ ಕಡೆ ಕೈ ಚಾಚಿದ. ಅವನ ಮೇಲೆ ಸಿಟ್ಟು ಬರಲಿಲ್ಲ, ಅಳು ಬಂತು. ಅವನ ಕೈ ಕಲ್ಲಿಗೆ ತಾಕುವ ಮೊದಲು ನಾನೇ ಗುಂಡಿಗಿಳಿದೆ. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅಬ್ಬಾ, ಬೆಳಗಿನಿಂದ ಕೂತದ್ದು ಅದೇ ಮೊದಲು.

"ಏಳೇ ಮೇಲೆ, ಮುಂಡೆ! ಏನೇ ಮಾಡ್ತಿದೀಯ?"

"ಮೊಟ್ಟೆ ಇಟ್ಟಿದೀನಿ ಸಾಹೇಬ್ರೇ. ಕೂಗಾಡಬೇಡಿ, ಗಾಬರಿಯಾಗುತ್ತೆ."

ಅವನು ಕೋಲು ಎತ್ತಿದ. ಅಷ್ಟರಲ್ಲಿ ಅತಿಥಿಗಳ ಜೀಪು ಬಂದು ನಿಂತಿತು. ಕೋಲು ಬೆನ್ನ ಹಿಂದೆ ಸರಿಯಿತು, ಮುಖದಲ್ಲಿ ನಗು ಬಂತು. ದುರ್ಬೀನು ನೇತುಹಾಕಿಕೊಂಡವರು ಇಳಿದು, ಮರ ಬಿಟ್ಟು ನನ್ನನ್ನೇ ನೋಡತೊಡಗಿದರು.

"ಏಳಿಸೋ ಅವಳನ್ನ," ಸಾಹೇಬ ಹಲ್ಲು ಕಚ್ಚಿಕೊಂಡೇ ಅಣ್ಣನಿಗೆ ಹೇಳಿದ.

ಅಣ್ಣ ಎದ್ದು ಮರದ ಬುಡಕ್ಕೆ ಹೋದ. ಅಲ್ಲಿಟ್ಟಿದ್ದ ನಮ್ಮ ಬುತ್ತಿಯ ಗಂಟು ತಂದು ಬಿಚ್ಚಿದ. ಗುಂಡಿಯೊಳಗೆ ಬಗ್ಗಿ, ಒಂದು ತುತ್ತನ್ನು ನನ್ನ ಬಾಯಿಯ ಹತ್ತಿರ ಹಿಡಿದ.