ವಿಚಾರಿಸಲು ಬಂದವನು

ಈರಕ್ಕನ ಫೋನು ಬಂದಾಗ ಹೇಮಾವತಿ ಅಣ್ಣ ಪರಮೇಶನ ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದಳು. ಶಿವನಿಯ ಬಸ್‌ಸ್ಟ್ಯಾಂಡಿನ ಎದುರು ಈರಕ್ಕನ ಟೀ ಅಂಗಡಿ. ಯಾರೋ ಹೊಸಬರು ಅಲ್ಲಿ ಕೂತು ಪರಮೇಶನ ಬಗ್ಗೆ ಕೇಳುತ್ತಿದ್ದಾರಂತೆ. ಹುಡುಗ ಹೇಗೆ, ಆರೋಗ್ಯ ಹೇಗೆ, ದುಡಿಯುತ್ತಾನಾ, ಚಟ ಏನಾದರೂ ಉಂಟಾ.

"ಹೆಣ್ಣಿನ ಕಡೆಯೋರು ಕಣೇ!" ಈರಕ್ಕ ಪಿಸುಗುಟ್ಟಿದರೂ ಅದು ಕೂಗಿದ ಹಾಗೇ ಕೇಳಿಸಿತು. "ಚಿನ್ನದಂಥ ಹುಡುಗ ಅಂದಿದೀನಿ. ಬೀಡಿ ಸಿಗರೇಟು ಮುಟ್ಟಿದೋನಲ್ಲ, ಮೂಟೆನ ಹೂವಿನಂಗೆ ಎತ್ತಾಕ್ತಾನೆ, ಅವನಿಗೆ ನೆಗಡಿ ಬಂದಿದ್ದೂ ನಾ ಕಾಣೆ ಅಂದಿದೀನಿ. ಬೇಗ ಮನೆ ಅಚ್ಚುಕಟ್ಟು ಮಾಡ್ಕಳಿ!"

ಹೇಮಾವತಿ ಗಿರಣಿ ನಿಲ್ಲಿಸಿ ಓಡಿದಳು. ಮೂವತ್ತು ದಾಟಿದ ಅಣ್ಣನಿಗೆ ಅದುವರೆಗೆ ಬಂದ ಸಂಬಂಧಗಳೆಲ್ಲ ಅವನ ಮೈ ನೋಡಿದ ಕೂಡಲೇ ಹಿಂದಕ್ಕೆ ಹೋಗಿದ್ದವು. ಒಬ್ಬರಂತೂ ಕಾಫಿಯನ್ನೂ ಕುಡಿದಿರಲಿಲ್ಲ. ಮೈ ಎಂದರೆ ಅಂಥ ಮೈ. ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಆಗಲೇ ಸೇರಿಕೊಂಡಿತ್ತು. ಅದಕ್ಕಿಂತ ಹೆದರಿಕೆಯದು ನಿದ್ದೆ. ಕಣ್ಣು ಮುಚ್ಚಿದರೆ ಸಾಕು, ಗಂಟಲು ಕಟ್ಟಿ ಉಸಿರು ನಿಂತುಬಿಡುತ್ತಿತ್ತು. ಆಗ ಹೇಮಾವತಿಯೋ ಅವ್ವ ಹುಲಿಗೆಮ್ಮನೋ ಅಲುಗಾಡಿಸಿ ಎಬ್ಬಿಸಬೇಕು. ಶಿವಮೊಗ್ಗದ ಡಾಕ್ಟರು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನೇ ದಾರಿ ಎಂದಿದ್ದರು. ಅಲ್ಲಿಯವರೆಗೆ ರಾತ್ರಿ ಮೂಗಿಗೆ ಹಾಕಿಕೊಳ್ಳಲು ಗಾಳಿಯ ಮಿಷಿನ್ನು ಕೊಟ್ಟಿದ್ದರು. ಜೊತೆಗೆ ಒಂದು ಕಟ್ಟಪ್ಪಣೆ: ಇನ್ನು ಸಿಗರೇಟಿನ ಒಂದು ದಮ್ಮೂ ಎಳೆಯುವಂತಿಲ್ಲ. ಹೋದಾಗಲೆಲ್ಲ ಒಂದು ಕೊಳವೆಗೆ ಊದಿಸಿ ನೋಡುತ್ತಾರೆ, ಹೊಗೆ ಸಿಕ್ಕಿತೋ, ಆಪರೇಷನ್ನಿಗೆ ದಿನ ಕೊಡುವುದಿಲ್ಲ. ಬಾಯಿಂದ ಸಿಗರೇಟು ಇಳಿಸದವನು ದೀಪಾವಳಿಯಿಂದ ಅದನ್ನು ಮುಟ್ಟಿರಲಿಲ್ಲ.

ಉಳಿದದ್ದು ಇನ್ಶೂರೆನ್ಸಿನವರು. ಅವರು ಒಪ್ಪದಿದ್ದರೆ ಗಿರಣಿ ಮಾರಿದರೂ ಆಪರೇಷನ್ ಆಗುವ ಹಾಗಿರಲಿಲ್ಲ. ಚೆಂದ ಕಾಣಲು ಮೈ ಇಳಿಸುವುದಕ್ಕೆ ನಾವು ಕೊಡುವುದಿಲ್ಲ ಎಂದು ಅವರು ಒಮ್ಮೆ ತಳ್ಳಿಹಾಕಿದ್ದರು. ಇದು ಚೆಂದದ ಮಾತಲ್ಲ, ಜೀವದ ಮಾತು ಎಂದು ಡಾಕ್ಟರು ಬರೆದ ಮೇಲೆ, ನೋಡೋಣ ಎಂದಿದ್ದರು.

ಆ ಹೊತ್ತಿನಲ್ಲಿ ಇದೊಂದೂ ಹೇಮಾವತಿಯ ತಲೆಗೆ ಬರಲಿಲ್ಲ. ಗಾಳಿಯ ಮಿಷಿನ್ನನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿದಳು. ಮಾತ್ರೆಗಳನ್ನು ಅಕ್ಕಿ ಡಬ್ಬಿಗೆ ಹಾಕಿದಳು. ಹುಲಿಗೆಮ್ಮ ಸೀರೆ ಬದಲಿಸಿ ರವೆ ಹುರಿಯತೊಡಗಿದಳು.

ಬಂದವನು ತನ್ನ ಹೆಸರು ಶ್ರೀರಾಮ್ ಎಂದ. "ಇತ್ಲಾಗೆ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ" ಎಂದ. ಹೆಣ್ಣಿನ ಕಡೆಯವರು ಹೇಳುವುದೂ ಅದನ್ನೇ ಅಲ್ಲವೇ? ಪರಮೇಶ ಗಿರಣಿಯ ಬೆಲ್ಟು ತರಲು ಅಜ್ಜಂಪುರಕ್ಕೆ ಹೋಗಿದ್ದ. ಮನೆಯಲ್ಲಿಲ್ಲದ್ದೇ ಒಳ್ಳೆಯದಾಯಿತು ಎಂದುಕೊಂಡಳು ಹುಲಿಗೆಮ್ಮ.

ಉಪ್ಪಿಟ್ಟು ತಿನ್ನುತ್ತಾ ಅವನು ಕೇಳಿದ, "ರಾತ್ರಿ ನಿದ್ದೆ ಚೆನ್ನಾಗಿ ಮಾಡ್ತಾರಾ?"

"ಅಯ್ಯೋ, ಕುಂಭಕರ್ಣ ಸಾಮಿ! ಡೋಲು ಬಡಿದ್ರೂ ಏಳಲ್ಲ," ಎಂದು ಹುಲಿಗೆಮ್ಮ ನಕ್ಕಳು.

ಬಾಗಿಲ ಹಿಂದೆ ನಿಂತಿದ್ದ ಹೇಮಾವತಿಗೆ ಅದೊಂದು ವಿಚಿತ್ರ ಪ್ರಶ್ನೆ ಅನ್ನಿಸಿತು. ಹೊಲ ಎಷ್ಟು ಎಂದು ಕೇಳಲಿಲ್ಲ, ನಕ್ಷತ್ರ ಯಾವುದು ಎಂದು ಕೇಳಲಿಲ್ಲ, ನಿದ್ದೆಯನ್ನು ಕೇಳುತ್ತಾನಲ್ಲ! ಆದರೆ ಹೊಸಬರ ಎದುರು ಅವಳ ನಾಲಗೆ ಏಳುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದಲೂ ಹಾಗೆಯೇ, ಎಲ್ಲವನ್ನೂ ನೋಡುತ್ತಾಳೆ, ಒಂದನ್ನೂ ಆಡುವುದಿಲ್ಲ.

ವಾರ ಕಳೆಯುವುದರೊಳಗೆ ಆಸ್ಪತ್ರೆಯಿಂದ ಫೋನು ಬಂತು. ಇನ್ಶೂರೆನ್ಸಿನವರು ಮತ್ತೆ ತಳ್ಳಿಹಾಕಿದ್ದಾರೆ. ಕಡೂರಿನ ಕಚೇರಿಯಿಂದ ಶ್ರೀರಾಮ್ ಎನ್ನುವವರು ಊರಿಗೇ ಬಂದು ವಿಚಾರಿಸಿದ್ದಾರೆ. ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ, ಮನೆಯಲ್ಲಿ ಯಾವ ಮಿಷಿನ್ನೂ ಇಲ್ಲ. ವರ್ಷಗಟ್ಟಲೆ ಸೇದಿ ಬಿಟ್ಟವನು ಎಂದು ಆಸ್ಪತ್ರೆ ಬರೆದರೆ, ಸೇದಿದವನೇ ಅಲ್ಲ ಎಂದು ಊರು ಹೇಳುತ್ತದೆ. ಯಾರನ್ನು ನಂಬುವುದು?

"ನನ್ನ ನಾಲಗೆಗೆ ಬರೆ ಹಾಕ!" ಎಂದು ಈರಕ್ಕ ತಲೆ ಚಚ್ಚಿಕೊಂಡಳು. ಪರಮೇಶ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಹೇಮಾವತಿಗೆ ಹಗುರವಾಗುತ್ತಿತ್ತು. ಅವನು ತಟ್ಟೆಯ ಮುಂದಿನಿಂದ ಎದ್ದು ಗಿರಣಿಯ ಹಿಂದಕ್ಕೆ ಹೋದ. ಅವಳೂ ಹಿಂದೆಯೇ ಹೋದಳು.

ಅವನ ಬೆರಳುಗಳ ನಡುವೆ ಸಿಗರೇಟಿತ್ತು, ಇನ್ನೂ ಹಚ್ಚಿರಲಿಲ್ಲ.

"ಈರಕ್ಕ ಕೊಡ್ಲಿಲ್ಲ. ಲಾರಿಯೋನ ಹತ್ರ ಇಸ್ಕೊಂಡೆ," ಎಂದ. "ಹಂಗೆ ನೋಡ್ಬೇಡ ಕಣೇ. ಆಪರೇಷನ್ನೇ ಇಲ್ಲ ಅಂದ್ಮೇಲೆ ಯಾರಿಗೋಸ್ಕರ ಬಾಯಿ ಕಟ್ಲಿ? ಸಾಯೋದೇ ಆದ್ರೆ ಸೇದ್ಕಂಡೇ ಸಾಯ್ತೀನಿ."

"ಮಿಷಿನ್ನು ಬಚ್ಚಿಟ್ಟೋಳು ನಾನು ಅಣ್ಣಯ್ಯ. ನಾನು ಕಡೂರಿಗೆ ಹೋಗ್ತೀನಿ."

ಅವನು ನಕ್ಕ. "ನೀನಾ? ಬಸ್ಸಲ್ಲಿ ಟಿಕೆಟ್ ಕೇಳೋಕೇ ಕಂಡಕ್ಟರ್ ಮುಖ ನೋಡಲ್ಲ ನೀನು!"

"ನಾ ಬರೋಗಂಟ ತಡಿ. ಆಮೇಲೆ ನಿನ್ನಿಷ್ಟ."

ಪರಮೇಶ ಬೆರಳ ನಡುವಿನ ಸಿಗರೇಟನ್ನೇ ತಿರುಗಿಸಿ ತಿರುಗಿಸಿ ನೋಡಿದ. "ಬೇಗ ಬಾ," ಎಂದು ಸಿಗರೇಟನ್ನು ಮುರಿದು ಎಸೆದ. "ಇನ್ನೊಂದು ಸಿಕ್ರೆ ನಾ ಹೇಳಕಾಗಲ್ಲ."

ಮರುದಿನ ಅವಳು ರೈಲಿನಲ್ಲಿ ಕಡೂರಿಗೆ ಹೋದಳು. ಆ ಕಚೇರಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಶ್ರೀರಾಮ್‌ಗೆ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಅಂದು ಅವಳು ಬಾಗಿಲ ಹಿಂದಿದ್ದಳು. ಊರಿನ ಹೆಸರು ಹೇಳಿದ ಮೇಲೆ, "ಅದು ಮುಗೀತಲ್ಲಮ್ಮ," ಎಂದು ಅವನು ಕಂಪ್ಯೂಟರ್ ಕಡೆ ತಿರುಗಿದ.

ಹೇಮಾವತಿಯ ಕಿವಿ ಬಿಸಿಯಾಯಿತು. ಮೆಟ್ಟಿಲು ಅಲ್ಲೇ ಇತ್ತು, ಇಳಿದುಬಿಡಬಹುದಿತ್ತು.

"ನಿಮ್ಮನ್ನ ಹೆಣ್ಣಿನ ಕಡೆಯೋರು ಅನ್ಕಂಡ್ವಿ ಸಾರ್."

ಕಚೇರಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಶ್ರೀರಾಮ್, ನಿಮ್ಮ ಮಗಳಿಗಿನ್ನೂ ಆರು ವರ್ಷ ಅಲ್ವೇನ್ರೀ?" ಎಂದರು ಒಬ್ಬರು. ಅವಳ ಕಣ್ಣು ತುಂಬಿತು. ಆದರೂ ಮೇಜಿನ ಅಂಚು ಬಿಡದೆ ನಿಂತಳು.

"ಅವನು ಸೇದ್ತಿದ್ದ ಸಾರ್, ಸಿಕ್ಕಾಪಟ್ಟೆ ಸೇದ್ತಿದ್ದ. ಪಾಲಿಸಿ ಮಾಡಿಸೋವಾಗ್ಲೂ ಹಂಗೇ ಬರೆಸಿದ್ದ. ಈಗ ಬಿಟ್ಟಿದಾನೆ. ಮಿಷಿನ್ನು ಹಾಸಿಗೆ ಒಳಗೆ ನಾನೇ ಬಚ್ಚಿಟ್ಟಿದ್ದು. ನಮ್ಮ ಮಾತು ನಂಬ್ಬೇಡಿ. ಅವನು ಮಲಗಿರೋದನ್ನ ಒಂದ್ಸಲ ಬಂದು ನೋಡಿ."

ಶ್ರೀರಾಮ್‌ನ ನಗು ನಿಂತಿತು. "ಗುರುವಾರ ತರೀಕೆರೆಗೆ ಹೋಗೋದಿದೆ," ಎಂದ ಕೊನೆಗೆ. "ಹಾಗೇ ಬಂದು ಹೋಗ್ತೀನಿ. ಆದ್ರೆ ಏನೂ ಮಾತು ಕೊಡಲ್ಲ."

ಗುರುವಾರದವರೆಗೆ ಪರಮೇಶ ಲವಂಗ ಅಗಿದ, ಸಿಡುಕಿದ, ಗಿರಾಕಿಗಳ ಮೇಲೆ ರೇಗಿದ. ಆದರೆ ಸೇದಲಿಲ್ಲ.

ಶ್ರೀರಾಮ್ ಬಂದದ್ದು ಊಟದ ಹೊತ್ತಿಗೆ. ಪರಮೇಶ ಮುದ್ದೆ ಉಂಡು, ಒಂದೆರಡು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಎಂದಿನಂತೆ ಕೂತಲ್ಲೇ ಕಣ್ಣು ಮುಚ್ಚಿದ. ಗೊರಕೆ ಶುರುವಾಯಿತು. ಶ್ರೀರಾಮ್ ಮೊಬೈಲ್ ಎತ್ತಿ ವಿಡಿಯೋ ಹಿಡಿದ.

"ಗೊರಕೆ ನಮ್ಮ ತಂದೆಯವರೂ ಹೊಡೀತಾರೆ," ಎಂದ ಮೆಲ್ಲಗೆ.

ಗೊರಕೆ ತಟಕ್ಕನೆ ನಿಂತಿತು.

ಹೇಮಾವತಿಯ ಕೈ ತಾನಾಗಿ ಅಣ್ಣನ ಭುಜದ ಕಡೆ ಹೊರಟಿತು. ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು. ಈಗ ಎಬ್ಬಿಸಿದರೆ ಶ್ರೀರಾಮ್‌ಗೆ ಕಂಡದ್ದು ಬರೀ ಗೊರಕೆಯಾಗುತ್ತದೆ. ಪರಮೇಶನ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಬದಲಾಯಿತು. ಅಡುಗೆಮನೆಯಿಂದ ಓಡಿ ಬಂದ ಹುಲಿಗೆಮ್ಮನ ಮಣಿಕಟ್ಟನ್ನು ಹೇಮಾವತಿ ಗಟ್ಟಿಯಾಗಿ ಹಿಡಿದಳು. "ಬಿಡೇ! ಬಿಡೇ ಪಾಪಿ!" ಎಂದಳು ಅವ್ವ. ಅವಳು ಬಿಡಲಿಲ್ಲ. ದೇವರೇ, ಇವನು ಸಾಕು ಅನ್ನಲಿ, ಇವನು ಬೇಗ ಸಾಕು ಅನ್ನಲಿ.

ಶ್ರೀರಾಮ್‌ನ ಮೊಬೈಲ್ ನೆಲಕ್ಕೆ ಬಿತ್ತು. "ಏಳ್ರೀ! ಏಯ್, ಪರಮೇಶ್!" ಎಂದು ಎರಡೂ ಕೈಯಲ್ಲಿ ಅವನನ್ನು ಕುಲುಕಿದ. ಮುಳುಗಿದವನು ಮೇಲೆ ಬಂದಂತೆ ಪರಮೇಶ ಒಮ್ಮೆಲೇ ಉಸಿರೆಳೆದ.

"ಯಾವನ್ಲಾ ಅದು?" ಎಂದು ಗದರಿ, ಎದುರಿಗಿದ್ದವರನ್ನು ನೋಡಿ, "ತಪ್ಪಾಯ್ತು ಸಾರ್," ಎಂದ.

ಶ್ರೀರಾಮ್ ಒಂದು ಚೊಂಬು ನೀರು ಕುಡಿದ. "ಎಬ್ಬಿಸಬಾರದಾಗಿತ್ತೇನಮ್ಮ ನೀನು?" ಎಂದ. ಅವಳು ಗಾಳಿಯ ಮಿಷಿನ್ನನ್ನು ತಂದು ಅವನ ಮುಂದಿಟ್ಟಳು. ಅವನು ಹೆಚ್ಚು ಕೇಳದೆ, ಕಂಡದ್ದನ್ನೆಲ್ಲ ಅಲ್ಲೇ ಬರೆದುಕೊಂಡು, ಮಿಷಿನ್ನಿನ ಫೋಟೋ ತೆಗೆದುಕೊಂಡು ಹೋದ.

ಹುಲಿಗೆಮ್ಮ ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಪರಮೇಶ ಮಾತಾಡಿದ, ಆದರೆ ಮಾತಿನ ಮಧ್ಯೆ ಅವಳನ್ನು ಹೊಸಬಳನ್ನು ನೋಡುವಂತೆ ನೋಡುತ್ತಿದ್ದ.

ಮುಂದಿನ ವಾರ ಇನ್ಶೂರೆನ್ಸಿನವರು ಒಪ್ಪಿದರು. ಶಿವಮೊಗ್ಗದಲ್ಲಿ ಪರಮೇಶ ಕೊಳವೆಗೆ ಊದಿದ. ಡಾಕ್ಟರು ತಲೆಯಾಡಿಸಿ, ಶಿವರಾತ್ರಿ ಕಳೆದ ಮೇಲಿನ ಒಂದು ದಿನ ಗೊತ್ತು ಮಾಡಿದರು.

ವಾಪಸ್ಸು ಬರುವಾಗ ತರೀಕೆರೆ ದಾಟುವುದರೊಳಗೆ ಅವನ ಕಣ್ಣು ಎಳೆಯತೊಡಗಿತು. ತಲೆ ವಾಲಿತು. ಮತ್ತೆ ತಟ್ಟನೆ ಎಚ್ಚೆತ್ತು ಪಕ್ಕದಲ್ಲಿದ್ದ ತಂಗಿಯನ್ನು ನೋಡಿದ.

"ಎಬ್ಬಿಸ್ತೀಯ ತಾನೆ?"

"ಹೂಂ ಅಣ್ಣಯ್ಯ."

ಅವನು ಕಣ್ಣು ಮುಚ್ಚಿದ. ಹೇಮಾವತಿ ಅವನ ತೋಳಿನ ಮೇಲೆ ಕೈಯಿಟ್ಟಳು. ಬಸ್ಸು ಅಜ್ಜಂಪುರದಲ್ಲಿ ನಿಂತು, ಜನ ಇಳಿದು ಹತ್ತಿ, ಮತ್ತೆ ಹೊರಟರೂ ಅವಳು ಆ ಕೈ ತೆಗೆಯಲಿಲ್ಲ.